ಪದ ಬೇಕಾಗಿದೆ: ಸಂಬಳದ ‘ರಿಕವರಿ’ಗೆ ಏನನ್ನೋಣ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ನೌಕರರಿಗೆ ಹಂಚೋಕೆ ಒಂದು ಹಾಳೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ತಪ್ಪಿ ಜಾಸ್ತಿ ಸಂಬಳ ಕೊಟ್ಟು, ವರ್ಷಗಟ್ಟಲೆ ಸುಮ್ನಿದ್ದು, ಆಮೇಲೆ ಕಚೇರಿ ವಾಪಸು ಕೇಳುತ್ತದಲ್ಲ, ಆ ‘ರಿಕವರಿ’ ಬಗ್ಗೆ. 2014ರ ಡಿಸೆಂಬರಿನಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಐದು ಸಂದರ್ಭ ಹೇಳಿದೆ. ಸಿ ಮತ್ತು ಡಿ ದರ್ಜೆಯವರು, ನಿವೃತ್ತರಾದವರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರು, ಐದು ವರ್ಷಕ್ಕಿಂತ ಜಾಸ್ತಿ ಕಾಲ ಹೀಗೆ ಹಣ ಪಡೆದವರು, ಇಂಥವರಿಂದ ಹಣ ಕೀಳುವಂತಿಲ್ಲ. ಇನ್ನೆರಡು ಸಂದರ್ಭವೂ ಇವೆ.

ಕರಡಿನಲ್ಲಿ ‘ಹೆಚ್ಚುವರಿ ವೇತನ ವಸೂಲಿ’ ಅಂತ ಬರೆದಿದ್ದೆ. ನಮ್ಮ ಜವಾನರೊಬ್ಬರಿಗೆ ಹೋದ ತಿಂಗಳು ರಿಕವರಿ ಬಂದಿದೆ. ಇನ್‌ಕ್ರಿಮೆಂಟ್ ಸೇರಿಸುವಾಗ ಕಚೇರಿಯಲ್ಲೇ ಆದ ತಪ್ಪು. ಅವರು ಕರಡಿನ ಮೇಲೆ ಬೆರಳಿಟ್ಟು ಓದಿದರು. ‘ವಸೂಲಿ’ ಹತ್ತಿರ ಬೆರಳು ನಿಂತಿತು. “ನಾ ಏನರ ಕಳವು ಮಾಡೀನೇನ್ರಿ ಅಕ್ಕಾರ, ವಸೂಲಿ ಅಂತ ಬರೀಲಿಕ್ಕೆ?” ಅಂದರು. ಆಗಿನಿಂದ ಆ ಪದ ಬರೆಯೋಕೆ ಕೈ ಬರುತ್ತಿಲ್ಲ. ‘ಮರುಪಾವತಿ’ ಆಗುತ್ತದಾ?

ಬೀದರಿನಿಂದ:

ಆಗಲ್ಲ. ಮರುಪಾವತಿ ಮಾಡೋದು ನೌಕರ. ಕೋರ್ಟ್ ಹಿಡಿದಿದ್ದು ಕಚೇರಿಯ ಕೈ. ವಸೂಲಿ ಅಂತಲೇ ಬರಿ ತಂಗಿ. ಅರಬ್ಬಿಯ ‘ವುಸೂಲ್’ ಅಂದ್ರೆ ಬಂದು ಸೇರೋದು, ಅಷ್ಟೇ. ಅದರಲ್ಲಿ ಕಳವೂ ಇಲ್ಲ, ದಂಡವೂ ಇಲ್ಲ. ‘ತಹಸೀಲು’ ಅಂದ್ರೂ ವಸೂಲಿಯೇ. ತಹಶೀಲ್ದಾರ್ ಅಂದ್ರೆ ಯಾರಿಗಾದ್ರೂ ನೋವಾಗುತ್ತದಾ?

ಯಾದಗಿರಿಯಿಂದ:

ಕಾಕಾ, ಹಳೇ ಬೇರು ಹಿಡಿದು ಇವತ್ತಿನ ಅರ್ಥ ಹೇಳಬೇಡಿ. ಸಾಲ ವಸೂಲಿ, ದಂಡ ವಸೂಲಿ, ಹಫ್ತಾ ವಸೂಲಿ. ಜನ ಆ ಪದ ಕೇಳೋದು ಇಲ್ಲೇ. ಜವಾನರು ಹೇಳಿದ್ದೇ ಸರಿ.

ನಮ್ಮಲ್ಲಿ ‘ಮುರಿದುಕೊಳ್ಳು’ ಇದೆ. ಮುಂಗಡ ಕೊಟ್ಟ ಸಾಹುಕಾರ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಅಂಗಡಿಯವನು ಹಳೇ ಬಾಕಿ ಮುರಿದುಕೊಂಡು ಉಳಿದ ಚಿಲ್ಲರೆ ಕೊಡುತ್ತಾನೆ. ‘ಪಗಾರದಾಗ ಮುರ್ಕೊಂಡಾರ’ ಅಂತ ನಮ್ಮೂರಲ್ಲಿ ಎಲ್ಲರೂ ಅನ್ನುತ್ತಾರೆ. ಅಚ್ಚ ಕನ್ನಡ ಬಾಯಲ್ಲಿರುವಾಗ ಅರಬ್ಬಿ ಯಾಕೆ? ಜಾಸ್ತಿ ಬಂದರೆ ವಾಪಸು ಕೊಡುತ್ತೇನೆ ಅಂತ ಮೊದಲೇ ಬರೆದುಕೊಟ್ಟಿದ್ದ ನ್ಯಾಯಾಧಿಕಾರಿಯೊಬ್ಬರ ಮೇಲೆ 2016ರಲ್ಲಿ ತೀರ್ಪು ಬಂತು ಅಲ್ವಾ? ಅದನ್ನು ಬರೆಯುವಾಗ ‘ಮುಚ್ಚಳಿಕೆ’ ಬೇಕಾಗುತ್ತದೆ. ಅಂಥ ಕನ್ನಡ ಪದಗಳನ್ನೇ ಬಳಸಿ.

ಬೀದರಿನಿಂದ:

ಮುಚ್ಚಳಿಕೆ ತುರ್ಕಿ ಮಾತು. ‘ಮುಚಲ್ಕಾ’. ಉರ್ದು ಹಾದು ಬಂದು ನಮ್ಮ ಮುಚ್ಚಳದ ಪಕ್ಕ ಕೂತಿದೆ. ಪಗಾರ ಪೋರ್ಚುಗೀಸ್. ಬಾಕಿ ಅರಬ್ಬಿ, ಹಫ್ತಾ ಪಾರಸಿ. ನೀನು ಬರೆದ ನಾಲ್ಕು ಸಾಲಿನಲ್ಲೇ ಇಷ್ಟಿವೆ. 1948ರವರೆಗೆ ನಮ್ಮ ಕಡೆ ಕಚೇರಿ ನಡೆದಿದ್ದು ಉರ್ದುವಿನಲ್ಲಿ. ಅರ್ಜಿ, ಹಾಜರಿ, ರಜೆ, ಖಜಾನೆ ಎಲ್ಲ ನಾನು ನಮ್ಮವ್ವನ ಬಾಯಲ್ಲಿ ಕೇಳಿದವು. ಅವನ್ನು ಹೊರಗಿನವು ಅಂದ್ರೆ ನಾನು ಒಪ್ಪಲ್ಲ.

ಇನ್ನು ಮುರಿದುಕೊಳ್ಳೋದು. ನಿವೃತ್ತರಿಗೆ ಸಂಬಳವೇ ಇಲ್ಲ, ಯಾವುದರಲ್ಲಿ ಮುರಿದುಕೊಳ್ಳೋದು? ಚಲನ್ ತುಂಬಿ ಖಜಾನೆಗೆ ಕಟ್ಟಿ ಅಂತಾರೆ. ತೀರ್ಪು ಕಾಪಾಡಿದ್ದು ಅವರನ್ನೂ. ನಿನ್ನ ಪದ ಅವರನ್ನು ಬಿಟ್ಟುಬಿಡುತ್ತದೆ.

ಯಾದಗಿರಿಯಿಂದ:

ಮುಚ್ಚಳಿಕೆ ಒಪ್ಪಿದೆ. ನಿವೃತ್ತರ ಮಾತೂ ಒಪ್ಪಿದೆ. ಉಳಿದದ್ದು ಒಪ್ಪಿಲ್ಲ. ಬಂದು ಸೇರಿದ ಪದ ಇರಲಿ, ಆದ್ರೆ ಇದ್ದ ಪದವನ್ನು ಅದಕ್ಕಾಗಿ ಹೊರಗೆ ಹಾಕೋದು ಯಾಕೆ?

ಇನ್ನೊಂದು. ಇಬ್ಬರೂ ವಸೂಲಿ ಹಿಂದೆ ಬಿದ್ದಿದ್ದೀರಿ, ‘ಹೆಚ್ಚುವರಿ ವೇತನ’ ಯಾರೂ ನೋಡಿಲ್ಲ. ಹೆಚ್ಚುವರಿ ಬಸ್, ಹೆಚ್ಚುವರಿ ಕೊಠಡಿ ಅನ್ನೋ ಹಾಗೆ ಅದು ಜಾಸ್ತಿ ಕೆಲಸಕ್ಕೆ ಕೊಟ್ಟ ದುಡ್ಡು ಅನಿಸುತ್ತದೆ. ತಪ್ಪು ನಡೆದಿದೆ ಅನ್ನೋದೇ ಅದರಲ್ಲಿಲ್ಲ. ತಪ್ಪು ಯಾರದು ಅಂತ ಮೊದಲೇ ಹೇಳಿಬಿಡಿ ಅಕ್ಕಾ. ಆಗ ಕೊನೇ ಪದ ಅಷ್ಟು ಚುಚ್ಚಲ್ಲ.

ಕಲಬುರಗಿಯಿಂದ:

ಇದು ಸರಿಹೋಯಿತು. ಹಾಳೆಯ ತಲೆಬರಹ ಹೀಗೆ: ‘ಕಚೇರಿಯ ತಪ್ಪಿನಿಂದ ಜಾಸ್ತಿ ಸಂದ ಸಂಬಳ: ವಾಪಸು ಪಡೆಯಬಾರದ ಐದು ಸಂದರ್ಭ’. ‘ವಾಪಸು’ ಪಾರಸಿ ಅಂತ ಗೊತ್ತು, ಯಾದಗಿರಿಯವರು ಬಿಟ್ಟುಕೊಡಬೇಕು. ಕೋರ್ಟಿನ ಮಾತು ಬರೋ ಕಡೆ ವಸೂಲಿ ಉಳಿಸಿದ್ದೇನೆ. ತಿಂಗಳ ಸಂಬಳದಲ್ಲಿ ಹಿಡಿಯೋ ಕಡೆ ಮುರಿದುಕೊಳ್ಳು. ‘ಕಟಾವಣೆ’ ಮಾತ್ರ ಬೇಡ ಅನಿಸಿತು. ಕೆಜಿಐಡಿ ವಿಮೆ ಕಂತಿಗೂ ಅದೇ, ವೃತ್ತಿ ತೆರಿಗೆಗೂ ಅದೇ.

ಬೆಳಿಗ್ಗೆ ಜವಾನರ ಕೈಗೆ ಕೊಟ್ಟೆ. ಮತ್ತೆ ಬೆರಳಿಟ್ಟು ಓದಿದರು. ಈ ಸಲ ಬೆರಳು ನಿಂತಿದ್ದು ‘ಡಿ ದರ್ಜೆ’ ಹತ್ತಿರ. ಒಂದು ಝೆರಾಕ್ಸ್ ಕೇಳಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡರು.