ಶಾಲೆ ಗೋಡೆ ಮೇಲೆ ದಶಾಜ್ಞೆ: ಕೋರ್ಟ್ ಬೇಡ ಅಂದಿದ್ದು ಸರಿಯಾ?

ಪ್ಲೇನೋ ಪರಮೇಶಿ (ಜೂನ್ 24, 2025)
ಟೆಕ್ಸಾಸ್‌ನಲ್ಲಿ ಶಾಲೆಗೆ ಹೋಗೋ ಮಕ್ಕಳಿರುವ ಕನ್ನಡದವರು ದಯವಿಟ್ಟು ಓದಿ. ಕಳೆದ ವರ್ಷ ಜೂನ್‌ನಲ್ಲಿ ಲೂಸಿಯಾನಾ ಗವರ್ನರ್ ಜೆಫ್ ಲ್ಯಾಂಡ್ರಿ ಒಂದು ಕಾಯ್ದೆಗೆ ಸಹಿ ಹಾಕಿದ್ದರು. ಸರ್ಕಾರಿ ಶಾಲೆಯ ಪ್ರತಿ ಕ್ಲಾಸ್‌ರೂಮಿನಲ್ಲೂ ಬೈಬಲ್‌ನ ದಶಾಜ್ಞೆಗಳ, ಅಂದ್ರೆ ದೇವರು ಮೋಸೆಗೆ ಕೊಟ್ಟ ಹತ್ತು ಆಜ್ಞೆಗಳ, ಪೋಸ್ಟರ್ ಇರಬೇಕು, ಕನಿಷ್ಠ 11 ಇಂಚಿಗೆ 14 ಇಂಚು, ದೂರದಿಂದ ಓದಲು ಬರುವಷ್ಟು ದೊಡ್ಡ ಅಕ್ಷರ. ಮೊನ್ನೆ ಶುಕ್ರವಾರ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿನ (ಕೆಲವು ರಾಜ್ಯಗಳಿಗೆ ಸೇರಿ ಇರೋ, ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ಕೋರ್ಟ್) ಮೂವರು ಜಡ್ಜ್‌ಗಳು ಇದು ಸಂವಿಧಾನಕ್ಕೆ ವಿರುದ್ಧ ಅಂತ ಒಮ್ಮತದಿಂದ ಹೇಳಿದಾರೆ. ಅದೇ ಹೊತ್ತಿಗೆ ಇಲ್ಲಿ ನಮ್ಮ ಗವರ್ನರ್ ಗ್ರೆಗ್ ಆಬಟ್ ಅಂಥದ್ದೇ ಕಾಯ್ದೆಗೆ ಸಹಿ ಹಾಕಿದಾರೆ. ನಮ್ಮದು 16ಕ್ಕೆ 20 ಇಂಚು, ಸೆಪ್ಟೆಂಬರ್ 1ರಿಂದ ಜಾರಿ. ಟೆಕ್ಸಾಸ್ ಕೂಡ ಅದೇ ಐದನೇ ಸರ್ಕ್ಯೂಟ್‌ಗೆ ಸೇರಿದ್ದು. ಹಾಗಾದರೆ ಆ ತೀರ್ಪು ನಮಗೂ ಅನ್ವಯಿಸುತ್ತಾ? ಮನೆಯಲ್ಲಿ ಗಣಪತಿಗೆ ಕೈ ಮುಗಿಯೋ ಮಗು ಕ್ಲಾಸಲ್ಲಿ ದಿನಾ ‘ವಿಗ್ರಹ ಮಾಡಿಕೊಳ್ಳಬಾರದು’ ಅಂತ ಓದ್ಕೊಂಡು ಕೂರಬೇಕಾ?

ನಿಷ್ಠುರವಾದಿ
ಓದಿದರೆ ಏನಾಗುತ್ತೆ ಸ್ವಾಮಿ? ‘ಕದಿಯಬೇಡ, ಕೊಲ್ಲಬೇಡ’ ಅಂತಾನೂ ಅದರಲ್ಲೇ ಇದೆಯಲ್ಲ. ಅಮೆರಿಕದಲ್ಲಿ ಧರ್ಮ ಬೇರೆ ಸರ್ಕಾರ ಬೇರೆ ಅನ್ನೋದು ಪುಸ್ತಕದ ಮಾತು. 1789ರಿಂದ ಸಂಸತ್ತಿಗೆ ಸಂಬಳ ಕೊಟ್ಟು ಪಾದ್ರಿ ಇಟ್ಕೊಂಡಿದಾರೆ. 1956ರಲ್ಲಿ ‘ದೇವರಲ್ಲಿ ನಮ್ಮ ನಂಬಿಕೆ’ ಅನ್ನೋದನ್ನ ರಾಷ್ಟ್ರದ ಧ್ಯೇಯವಾಕ್ಯ ಮಾಡಿದರು. ಮಸಾಚುಸೆಟ್ಸ್‌ನಲ್ಲಿ 1833ರವರೆಗೂ ಚರ್ಚಿಗೆ ತೆರಿಗೆ ಕಟ್ಟಬೇಕಿತ್ತು, ಆಗಲೂ ಇದೇ ಸಂವಿಧಾನವೇ ಇದ್ದಿದ್ದು. ಅಷ್ಟೇ ಯಾಕೆ, ಸುಪ್ರೀಂ ಕೋರ್ಟಿನ ಒಳಗೋಡೆಯಲ್ಲೇ ಮೋಸೆಯ ಶಿಲ್ಪ ಇದೆ. ಜಡ್ಜ್‌ಗಳ ತಲೆ ಮೇಲೆ ಇರಬಹುದು, ಮಕ್ಕಳ ಎದುರಿಗೆ ಇರಬಾರದಾ?

ಕರಿಕೋಟು
ಮೋಸೆಯ ಶಿಲ್ಪ ಅಂದ್ರಲ್ಲ, ಪಕ್ಕದಲ್ಲಿ ಯಾರಿದಾರೆ ಅಂತಾನೂ ಹೇಳಿ. ಹಮ್ಮುರಾಬಿ ಇದಾನೆ, ಸಾಲೊಮನ್ ಇದಾನೆ, ಕನ್‌ಫ್ಯೂಷಿಯಸ್ ಇದಾನೆ, ಎದುರುಗೋಡೆಯಲ್ಲಿ ಪ್ರವಾದಿ ಮುಹಮ್ಮದ್, ನೆಪೋಲಿಯನ್. ಕಾನೂನು ಕೊಟ್ಟವರ ಸಾಲು ಅದು. ಲೂಸಿಯಾನಾ ಕ್ಲಾಸ್‌ರೂಮಿನಲ್ಲಿ ಹಮ್ಮುರಾಬಿ ಪೋಸ್ಟರ್ ಕಡ್ಡಾಯ ಮಾಡಿದ್ದಾರಾ? ಇನ್ನು ಇದು ಹೊಸ ಪ್ರಶ್ನೆಯೂ ಅಲ್ಲ. 1980ರಲ್ಲಿ ಸ್ಟೋನ್ ವಿರುದ್ಧ ಗ್ರಹಾಂ ಕೇಸಿನಲ್ಲಿ ಕೆಂಟಕಿಯ ಇದೇ ಥರದ ಕಾಯ್ದೆಯನ್ನ ಸುಪ್ರೀಂ ಕೋರ್ಟ್ ಹೊಡೆದುಹಾಕಿದೆ. ಐದನೇ ಸರ್ಕ್ಯೂಟ್ ಹೇಳಿದ್ದು ಇಷ್ಟೇ: ಆ ತೀರ್ಪು ಇನ್ನೂ ಜೀವಂತ, ನಾವು ಅದಕ್ಕೆ ಬದ್ಧರು.

ನಿಷ್ಠುರವಾದಿ
‘ಜೀವಂತ’! ಸ್ಟೋನ್ ನಿಂತಿದ್ದು 1971ರ ಲೆಮನ್ ತೀರ್ಪಿನ ಹೆಗಲ ಮೇಲೆ, ಸರ್ಕಾರದ ಕೆಲಸಕ್ಕೆ ಧರ್ಮದ್ದಲ್ಲದ ಉದ್ದೇಶ ಇರಬೇಕು ಅಂತ ಶುರುವಾಗೋ ಪರೀಕ್ಷೆ ಅದು. ಆ ಲೆಮನ್‌ನನ್ನೇ 2022ರಲ್ಲಿ ಮಣ್ಣು ಮಾಡಿಯಾಗಿದೆ. ಬ್ರೆಮರ್ಟನ್ ಊರಿನ ಫುಟ್‌ಬಾಲ್ ಕೋಚ್ ಕೆನಡಿ ಮ್ಯಾಚ್ ಮುಗಿದ ಮೇಲೆ ಮೈದಾನದ ಮಧ್ಯೆ ಮಂಡಿಯೂರಿ ಪ್ರಾರ್ಥನೆ ಮಾಡಿದ್ದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟ್ ಜಡ್ಜ್‌ಗಳು 6-3ರ ಬಹುಮತದಲ್ಲಿ ಹೇಳಿದರು. ಇನ್ಮೇಲೆ ನೋಡಬೇಕಾದ್ದು ಇತಿಹಾಸ, ಪರಂಪರೆ ಅಂದರು. ಬುಡ ಹೋದ ಮೇಲೆ ಕೊಂಬೆ ಎಲ್ಲಿ ನಿಲ್ಲುತ್ತೆ ವಕೀಲರೇ? ಮೇಲಾಗಿ ಪೋಸ್ಟರ್‌ಗೆ ತೆರಿಗೆ ದುಡ್ಡು ಖರ್ಚೂ ಮಾಡ್ತಿಲ್ಲ, ದಾನಿಗಳು ಕೊಡ್ತಾರೆ.

ಕರಿಕೋಟು
ದಾನದ ಮಾತು ಎತ್ತಿದ್ದು ಒಳ್ಳೇದಾಯ್ತು. ಕೆಂಟಕಿಯಲ್ಲೂ ಪೋಸ್ಟರ್ ಕೊಂಡಿದ್ದು ದಾನದ ದುಡ್ಡಲ್ಲೇ. ಅಳತೆಯೂ 16ಕ್ಕೆ 20 ಇಂಚೇ. ಕೆಳಗೆ ಸಣ್ಣಕ್ಷರದಲ್ಲಿ ‘ಇದು ಪಾಶ್ಚಾತ್ಯ ಕಾನೂನಿನ ಮೂಲ’ ಅನ್ನೋ ಅರ್ಥದ ಒಕ್ಕಣೆ ಬೇರೆ ಹಾಕಿದ್ದರು. ಅಷ್ಟಾದ್ರೂ ಕೋರ್ಟ್ ಒಪ್ಪಲಿಲ್ಲ.

ನಿಷ್ಠುರವಾದಿ
ಲೆಮನ್ ಬಗ್ಗೆ ಕೇಳಿದೆ, ಇಂಚುಪಟ್ಟಿ ಹಿಡ್ಕೊಂಡು ಬಂದ್ರಿ. ಉತ್ತರ ಇಲ್ಲ ಅಂತಾಯ್ತು.

ಕರಿಕೋಟು
ಉತ್ತರ ಇದೆ. ಸುಪ್ರೀಂ ಕೋರ್ಟ್ ತಾನೇ ಕೈಬಿಡೋ ತನಕ ಸ್ಟೋನ್ ತೀರ್ಪನ್ನ ಕೆಳಗಿನ ಕೋರ್ಟ್‌ಗಳು ತಾವಾಗಿ ಸಮಾಧಿ ಮಾಡೋ ಹಾಗಿಲ್ಲ. ಕೋಚ್ ಕೇಸು ಒಬ್ಬ ಮನುಷ್ಯನ ಸ್ವಂತ ಪ್ರಾರ್ಥನೆಯದ್ದು, ಸರ್ಕಾರ ಗೋಡೆಗೆ ಮೊಳೆ ಹೊಡೆಸಿದ್ದಲ್ಲ.

ನಿಷ್ಠುರವಾದಿ
ಸ್ವಂತ ಪ್ರಾರ್ಥನೆಯಂತೆ, ಸುತ್ತ ಹುಡುಗರನ್ನ ನಿಲ್ಲಿಸ್ಕೊಂಡು. ಜಸ್ಟಿಸ್ ಸೊಟೊಮೇಯರ್ ಅವರ ಭಿನ್ನಮತದ ತೀರ್ಪಲ್ಲಿ ಫೋಟೋನೇ ಹಾಕಿದಾರೆ ನೋಡಿ.

ಎಡಿಸನ್ ಅಕ್ಕ
ಅಲ್ಲ ನಿಷ್ಠುರವಾದಿ, ಆ ಫೋಟೋ ನಿಮ್ಮ ವಾದಕ್ಕೇ ಮುಳುವಲ್ವಾ? ಸೊಟೊಮೇಯರ್ ಹಾಕಿದ್ದು ಕೋಚ್ ಮಾಡಿದ್ದು ತಪ್ಪು ಅಂತ ತೋರಿಸೋಕೆ. ಇರಲಿ, ನನ್ನದು ಬೇರೆ ಪ್ರಶ್ನೆ. ಎಲ್ಲರೂ ದಶಾಜ್ಞೆ ದಶಾಜ್ಞೆ ಅಂತಿದೀರಲ್ಲ, ಕಾಯ್ದೆಯಲ್ಲಿರೋ ಪಠ್ಯ ಯಾರಾದ್ರೂ ಎಣಿಸಿದೀರಾ? ‘ನಾನೇ ನಿನ್ನ ದೇವರಾದ ಕರ್ತನು’ ಅನ್ನೋ ಮೊದಲ ಸಾಲು ಬಿಟ್ಟು ಎಣಿಸಿ. ಹನ್ನೊಂದು ಬರುತ್ತೆ! ನೆರೆಯವನ ಮನೆಗೆ ಆಸೆಪಡಬೇಡ ಅನ್ನೋದು ಒಂದು, ಅವನ ಹೆಂಡತಿ, ಆಳು, ದನಕ್ಕೆ ಆಸೆಪಡಬೇಡ ಅನ್ನೋದು ಇನ್ನೊಂದು.

ಬೆಂದೂರು ಹುಡುಗ
ಅಕ್ಕಾ, ಹನ್ನೊಂದು ಬರುವುದು ಅವರು ಎರಡು ಲೆಕ್ಕ ಕಲಸಿದ್ದಕ್ಕೆ. ಕ್ಯಾಥೊಲಿಕರಲ್ಲಿ ವಿಗ್ರಹದ ಮಾತು ಬೇರೆ ಆಜ್ಞೆ ಅಲ್ಲ, ಮೊದಲನೆಯದರ ಒಳಗೇ ಉಂಟು. ಕೊನೆಯಲ್ಲಿ ಒಂಬತ್ತನೆಯದ್ದು ನೆರೆಯವನ ಹೆಂಡತಿ, ಹತ್ತನೆಯದ್ದು ಅವನ ಸೊತ್ತು. ಸಂತ ಆಗಸ್ಟೀನ್ ಕಾಲದಿಂದ ಬಂದ ಕ್ರಮ ಅದು. ಈ ಪೋಸ್ಟರಿನಲ್ಲಿ ವಿಗ್ರಹವನ್ನೂ ಬೇರೆ ಮಾಡಿದ್ದಾರೆ, ಆಸೆಯನ್ನೂ ಎರಡು ಮಾಡಿದ್ದಾರೆ. ಎಂತ ಮಾಡುವುದು!

ಧಾರವಾಡ ಪೇಢೆ
‘ಬೇರೆ ಆಜ್ಞೆ ಅಲ್ಲ’ ಅಂದ್ರ ಹೆಂಗ್ರಿ? ನಮ್ಮ ಸಿಎಸ್ಐ (ಪ್ರಾಟೆಸ್ಟೆಂಟ್ ಚರ್ಚ್) ಸಂಡೇ ಸ್ಕೂಲಿನ್ಯಾಗ ಎರಡನೇ ಆಜ್ಞೆ ಯಾವುದು ಅಂತ ಕೇಳಿದ್ರ ಸಣ್ಣ ಹುಡುಗೂರೂ ಹೇಳ್ತಾವ, ವಿಗ್ರಹ ಮಾಡ್ಕೊಬ್ಯಾಡ ಅನ್ನೋದು. ನಿಮ್ಮವರು ಅದನ್ನ ಒಂದನೇದರೊಳಗ ಸಿಗಿಸಿ ಕಾಣದಂಗ ಮಾಡ್ಯಾರ. ಲೆಕ್ಕ ತುಂಬಸಲಿಕ್ಕೆ ಕೊನೀದನ್ನ ಸೀಳ್ಯಾರ.

ಬೆಂದೂರು ಹುಡುಗ
ಕಾಣದ ಹಾಗೆ ಮಾಡಿದ್ದಂತೆ! ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯ ತೆಗೆದು ಓದಿ ಮಾರಾಯ್ರೇ, ನಮ್ಮ ಬೈಬಲಿನಲ್ಲೂ ಅಷ್ಟೂ ಸಾಲು ಉಂಟು. ಮೂಲದಲ್ಲಿ ನಂಬರ್ ಹಾಕಿ ಕೊಟ್ಟದ್ದಲ್ಲ. ಪ್ರಾಟೆಸ್ಟೆಂಟ್ ಪಂಥ ಶುರು ಮಾಡಿದ ಲೂಥರ್ ಕೂಡ ಮೊದಲನೆಯದರಲ್ಲೇ ಸೇರಿಸಿದ್ದು, ಅವರಿಗೂ ಹೇಳ್ತೀರಾ ಅಡಗಿಸಿದರು ಅಂತ?

ಧಾರವಾಡ ಪೇಢೆ
ಲೂಥರ್ ಹೇಳಿದ್ದೆಲ್ಲಾ ನೀವು ಯಾವಾಗಿಂದ ಒಪ್ಪಲಿಕ್ಕೆ ಹತ್ತಿದ್ರಿ? 😀

ಬೆಂದೂರು ಹುಡುಗ
ವಿಷಯಕ್ಕೆ ಉತ್ತರ ಇಲ್ಲದಾಗ ನಗು ಚಿಹ್ನೆ.

ಧಾರವಾಡ ಪೇಢೆ
ಉತ್ತರ ಬೇಕೇನ್ರಿ? ಒಂದನೇದರೊಳಗ ಅದ ಅಂತೀರಿ, ಹಂಗಾದ್ರ ಇಗರ್ಜಿ ತುಂಬ ಮೂರ್ತಿ ಯಾಕ?

ಬೆಂದೂರು ಹುಡುಗ
ಇದಕ್ಕೇ ಬರ್ತೀರಿ ಅಂತ ಗೊತ್ತಿತ್ತು. ಗೌರವ ಬೇರೆ, ಆರಾಧನೆ ಬೇರೆ. ಇದನ್ನು ಮುನ್ನೂರನೇ ಸಲ ಹೇಳಲಿಕ್ಕೆ ನನಗೆ ಪುರುಸೊತ್ತಿಲ್ಲ. ಲೂಸಿಯಾನಾದ ದಕ್ಷಿಣ ಭಾಗ ಪೂರ್ತಿ ಕ್ಯಾಥೊಲಿಕ್ ನೆಲ, ಅಲ್ಲಿ ಜಿಲ್ಲೆಗೂ ಪ್ಯಾರಿಷ್ ಅಂತಲೇ ಹೆಸರು. ಅಲ್ಲಿಯ ಮಕ್ಕಳಿಗೆ ಅವರ ಚರ್ಚು ಕಲಿಸಿದ ಪಟ್ಟಿ ಒಂದು, ಸರ್ಕಾರ ತೂಗು ಹಾಕುವುದು ಇನ್ನೊಂದು.

ನಿಷ್ಠುರವಾದಿ
ತಮಾಷೆ ಏನಂದ್ರೆ, ಸಹಿ ಹಾಕಿದ ಲ್ಯಾಂಡ್ರಿ ಕ್ಯಾಥೊಲಿಕ್. ಅವರಿಗಿಲ್ಲದ ತೊಂದರೆ ಬೆಂದೂರಿನವರಿಗೆ. ಕಾನೂನಿಗೆ ಗೌರವ ಕೊಡಬೇಕಾದ್ರೆ ಮೂಲ ಶಾಸನಕಾರ ಮೋಸೆಯಿಂದಲೇ ಶುರು ಮಾಡಬೇಕು ಅಂತ ಅವರೇ ಹೇಳಿದಾರೆ. ಮತ್ತೆ ಆ ಪಠ್ಯ ಯಾರೋ ರಾತ್ರೋರಾತ್ರಿ ಕಲಸಿದ್ದಲ್ಲ. ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿಧಾನಸಭೆ ಆವರಣದಲ್ಲಿರೋ ಕಲ್ಲಿನ ಮೇಲಿನ ಪಠ್ಯ. ಬೇರೆ ಬೇರೆ ಮತದವರನ್ನ ಕೂರಿಸಿ, ಯಾವ ಪಂಗಡಕ್ಕೂ ಸೇರದ ಹಾಗೆ ಬರೆಸಿದ್ದು. ಆ ಕಲ್ಲನ್ನ 2005ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಉಳಿಸಿದೆ. ಇದನ್ನ ಯಾರೂ ಹೇಳಲ್ಲ.

ಕರಿಕೋಟು
ಅದೇ ದಿನ, 2005 ಜೂನ್ 27ರಂದೇ, ಕೆಂಟಕಿಯ ಕೋರ್ಟ್‌ಹೌಸ್‌ಗಳಲ್ಲಿ ಹಾಕಿದ್ದ ದಶಾಜ್ಞೆಯನ್ನ ಅದೇ ಸುಪ್ರೀಂ ಕೋರ್ಟ್ 5-4ರಲ್ಲಿ ತೆಗೆಸಿತು. ಇದನ್ನ ನೀವು ಹೇಳಲ್ಲ. ಎರಡರಲ್ಲೂ ಗೆದ್ದ ಕಡೆ ಇದ್ದವರು ಜಸ್ಟಿಸ್ ಬ್ರೈಯರ್ ಒಬ್ಬರೇ. ಆಸ್ಟಿನ್ ಕಲ್ಲು ಶಾಲೆಯೊಳಗೆ ಇಲ್ಲ, ಶಾಲೆಯಲ್ಲಾದ್ರೆ ಮಾತು ಬೇರೆ ಅಂತ ಅವರೇ ಸೂಚಿಸಿದ್ದಾರೆ.

ದಾವಣಗೆರೆ ಬೆಣ್ಣೆ
ಮಂಡಕ್ಕಿ ಮಿರ್ಚಿ ಇಟ್ಕೊಂಡು ಕೂತಿದೀನಿ. ಹತ್ತಾ ಹನ್ನೊಂದಾ, ಬೇಗ ಫೈನಲ್ ಮಾಡ್ರಪ್ಪ.

ಎಡಿಸನ್ ಅಕ್ಕ
ನಗಬೇಡಿ, ಇದೇ ಲೆಕ್ಕಕ್ಕೆ ಮಕ್ಕಳು ಏಟು ತಿಂದಿದಾರೆ. ಬಾಸ್ಟನ್, ಎಲಿಯಟ್ ಶಾಲೆ, 1859ರ ಮಾರ್ಚ್. ಥಾಮಸ್ ವಾಲ್ ಅಂತ ಹತ್ತು ಹನ್ನೊಂದು ವರ್ಷದ ಕ್ಯಾಥೊಲಿಕ್ ಹುಡುಗ. ಪ್ರಾಟೆಸ್ಟೆಂಟರ ದಶಾಜ್ಞೆ ಒಪ್ಪಿಸಲ್ಲ ಅಂದಿದ್ದಕ್ಕೆ ಅರ್ಧ ಗಂಟೆ ಬೆತ್ತದಲ್ಲಿ ಕೈಗೆ ಬಾರಿಸಿದರು. ಕೋರ್ಟಿಗೆ ಹೋದರೆ ಮೇಷ್ಟ್ರಿಗೆ ಏನೂ ಆಗಲಿಲ್ಲ. ಅದಕ್ಕೂ ಮುಂಚೆ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಶಾಲೆಯಲ್ಲಿ ಯಾವ ಬೈಬಲ್ ಓದಿಸಬೇಕು ಅನ್ನೋ ಜಗಳ ಬೆಳೆದು ಗಲಭೆಯಾಗಿ, ಕ್ಯಾಥೊಲಿಕ್ ಚರ್ಚ್‌ಗಳಿಗೇ ಬೆಂಕಿ ಇಟ್ಟರು. ಯಾವ ಪಟ್ಟಿ ಹಾಕಿದರೂ ಒಬ್ಬರ ಪಟ್ಟಿ ಬಿಟ್ಟುಹೋಗುತ್ತೆ. ‘ಯಾವ ಪಂಗಡಕ್ಕೂ ಸೇರದ ಪಠ್ಯ’ ಅನ್ನೋದೇ ಇಲ್ಲ. ಯಹೂದಿಗಳಿಗೆ ಆ ‘ನಾನೇ ನಿನ್ನ ದೇವರು’ ಅನ್ನೋ ಸಾಲೇ ಮೊದಲನೇದು.

ಬೆಂದೂರು ಹುಡುಗ
ನೋಡಿ, ಅಕ್ಕ ಹೇಳಿದ್ದು. ಬೆತ್ತ ಹಿಡಿದವರು ಯಾರು ಅಂತ ಧಾರವಾಡದವರು ಗಮನಿಸಲಿ.

ಧಾರವಾಡ ಪೇಢೆ
ಬಾಸ್ಟನ್ನಿನ ಬೆತ್ತ ನನ್ನ ಕೈಯಾಗ ಕೊಡಬ್ಯಾಡ್ರಿ. ನಾ ಧಾರವಾಡದಾಗ ಹುಟ್ಟಿದಂವ. ಹಂಗ ಹೇಳ್ಕೊಂತ ಹೋದ್ರ ಗೋವಾದಾಗ ಮತದ ವಿಚಾರಣೆ ಮಾಡಿ ಶಿಕ್ಷೆ ಕೊಡೋ ಇನ್‌ಕ್ವಿಸಿಷನ್ ಮಾಡಿದ್ದು ಯಾರು ಅಂತ ನಾನೂ ಕೇಳಬೇಕಾಗ್ತದ.

ಬೆಂದೂರು ಹುಡುಗ
ಕೇಳಿ, ಕೇಳಿ! ಅದರಲ್ಲಿ ನಮ್ಮ ಹಿರಿಯರೂ ಪೆಟ್ಟು ತಿಂದವರೇ. ಗೋವಾ ಬಿಟ್ಟು ಮಂಗಳೂರಿಗೆ ಯಾಕೆ ಬಂದರು ಅಂತ ಎಣಿಸಿದ್ದೀರಿ? ಚರಿತ್ರೆ ಗೊತ್ತಿಲ್ಲದೆ ಬಾಯಿಗೆ ಬಂದ ಹಾಗೆ ಮಾತಾಡಬೇಡಿ.

ಧಾರವಾಡ ಪೇಢೆ
ಬಾಯಿಗೆ ಬಂದಂಗ ಮಾತಾಡಿದಾಂವ ನಾನಲ್ಲ. ಎರಡನೇ ಆಜ್ಞೆ ಎಲ್ಲಿ ಅದ ಅಂತ ಕೇಳಿದ್ದಕ್ಕ ಇನ್ನೂ ಉತ್ತರ ಬಂದಿಲ್ಲ.

ನಿರ್ವಾಹಕ
ಗೋವಾ ಇಲ್ಲಿಗೆ ಸಾಕು. ಇಬ್ಬರಿಗೂ ಹೇಳ್ತಿದೀನಿ. ವಿಷಯ ಅಮೆರಿಕದ ಕಾಯ್ದೆ.

ಕಿವಿಮಾತು
ಅಮೆರಿಕ ಬಿಡಿ, ಮೊದಲು ನಮ್ಮ ಸ್ಕೂಲ್‌ಗಳಲ್ಲಿ ಏನು ನಡೀತಿದೆ ನೋಡಿ...

ನಿರ್ವಾಹಕ
ಅದಕ್ಕೆ ಬೇರೆ ಎಳೆ ಶುರು ಮಾಡಿ. ಈ ಕಮೆಂಟಿನ ಉಳಿದ ಭಾಗ ತೆಗೆದಿದ್ದೇನೆ.

ನಿಷ್ಠುರವಾದಿ
‘ಒಬ್ಬರ ಪಟ್ಟಿ ಬಿಟ್ಟುಹೋಗುತ್ತೆ’ ಅಂತೀರಿ ಅಕ್ಕ. ಬಿಟ್ಟುಹೋಗಲಿ! ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಪ್ರಕಾರ ಇವತ್ತಿಗೂ 62% ಅಮೆರಿಕನ್ ವಯಸ್ಕರು ಕ್ರೈಸ್ತರು, ಸಂಸತ್ತಿನಲ್ಲಿ 87%. ಬಹುಸಂಖ್ಯಾತರ ಸಂಸ್ಕೃತಿ ಗೋಡೆ ಮೇಲೆ ಕಾಣೋದು ಸಹಜ. ಹಾಗಂತ ಅವರು ಯಾರನ್ನೂ ಹೊರಗೆ ಹಾಕಿಲ್ಲ. ಅದೇ ಸಂಸತ್ತಿನಲ್ಲಿ ನಾಲ್ವರು ಹಿಂದೂಗಳಿದ್ದಾರೆ, ಅದರಲ್ಲಿ ಮಿಶಿಗನ್‌ನ ಶ್ರೀ ಥಾನೇದಾರ್ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದವರು. ಎಲ್ಲಿದೆ ಅನ್ಯಾಯ?

ಕರಿಕೋಟು
ಥಾನೇದಾರ್ ಅಲ್ಲಿಗೆ ಹೋಗಿದ್ದು ನಿಮ್ಮ 62% ಮಂದಿಯ ಔದಾರ್ಯದಿಂದಲ್ಲ. ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇಡಬಾರದು ಅಂತ ಸಂವಿಧಾನದ ಆರನೇ ವಿಧಿ ಹೇಳೋದರಿಂದ. ಅದೇ ಪ್ಯೂ ಸಮೀಕ್ಷೆಯಲ್ಲಿ ಯಾವ ಧರ್ಮಕ್ಕೂ ಸೇರಿಲ್ಲ ಅಂದವರು 29%. ಅವರನ್ನ ಮರೆತ್ರಾ? ಔದಾರ್ಯ ಎಷ್ಟಿದೆ ಅಂತ 2007ರ ಜುಲೈಯಲ್ಲೇ ಕಂಡಿದೆ. ಸೆನೆಟ್‌ನಲ್ಲಿ ಮೊದಲ ಸಲ ಹಿಂದೂ ಪ್ರಾರ್ಥನೆ ಹೇಳೋಕೆ ನಿಂತಾಗ ಗ್ಯಾಲರಿಯಿಂದ ಕೂಗಿ ಅಡ್ಡಿಪಡಿಸಿದರು, ಮೂವರನ್ನ ಪೊಲೀಸರು ಹಿಡಿದರು.

ನಿಷ್ಠುರವಾದಿ
ಹಿಡಿದರಲ್ಲ! ಅಂದ್ರೆ ವ್ಯವಸ್ಥೆ ಹಿಂದೂ ಪ್ರಾರ್ಥನೆಯ ಪರವಾಗೇ ನಿಂತಿತು. ನನ್ನ ಮಾತನ್ನೇ ನೀವು ಸಾಬೀತು ಮಾಡಿದ್ರಿ, ಥ್ಯಾಂಕ್ಸ್. ಸರ್ಕಾರಿ ಸಭೆಯಲ್ಲಿ ಪ್ರಾರ್ಥನೆ ಸರಿ ಅಂತಾದ ಮೇಲೆ ಶಾಲೆಯಲ್ಲಿ ಕಾಗದ ತಪ್ಪು ಹೇಗೆ?

ಎಡಿಸನ್ ಅಕ್ಕ
ಸೆನೆಟರ್‌ಗೆ ಬೇಡ ಅನಿಸಿದರೆ ಎದ್ದು ಕಾಫಿಗೆ ಹೋಗಬಹುದು. ಎರಡನೇ ಕ್ಲಾಸಿನ ಮಗು ಎಲ್ಲಿಗೆ ಹೋಗುತ್ತೆ? ನಾನು ಹನ್ನೆರಡು ವರ್ಷ ಇಲ್ಲಿ ನ್ಯೂಜೆರ್ಸಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಗೋಡೆ ಮೇಲಿದ್ದದ್ದನ್ನ ಮಕ್ಕಳು ಟೀಚರ್ ಮಾತು ಅಂತಲೇ ತಿಳ್ಕೊಳ್ಳೋದು.

ನಿಷ್ಠುರವಾದಿ
ನ್ಯೂಜೆರ್ಸಿಯಲ್ಲಿ ಕೂತು ಲೂಸಿಯಾನಾ ಮಕ್ಕಳ ಮನಸ್ಸು ಓದ್ತೀರಿ. ಭೇಷ್. ಈ ತೀರ್ಪು ಕೊಟ್ಟವರೂ ಅಷ್ಟೇ, ಎಡಪಂಥದ ಜಡ್ಜ್‌ಗಳು.

ಕರಿಕೋಟು
ಮೂವರಲ್ಲಿ ಕ್ಯಾಥರೀನಾ ಹೇನ್ಸ್ ಅವರನ್ನ ನೇಮಿಸಿದ್ದು ಜಾರ್ಜ್ ಡಬ್ಲ್ಯೂ. ಬುಷ್. ಬುಷ್ ಎಡಪಂಥೀಯ ಅಂತ ಇವತ್ತು ಗೊತ್ತಾಯ್ತು.

ನಿಷ್ಠುರವಾದಿ
ಉಳಿದಿಬ್ಬರು? ಒಬ್ಬರು ಕ್ಲಿಂಟನ್, ಒಬ್ಬರು ಬೈಡನ್. ಮೂರರಲ್ಲಿ ಎರಡು. ಲೂಸಿಯಾನಾ ಮೇಲಕ್ಕೆ ಹೋಗ್ತೀವಿ ಅಂತ ಹೇಳಿಯಾಗಿದೆ. ಐದನೇ ಸರ್ಕ್ಯೂಟ್‌ನ ಎಲ್ಲ ಜಡ್ಜ್‌ಗಳೂ ಒಟ್ಟಿಗೆ ಕೂತು ಕೇಳಲಿ, ಆಮೇಲೆ ಮಾತಾಡೋಣ.

ಪ್ಲೇನೋ ಪರಮೇಶಿ
ಸ್ವಾಮಿ, ನನ್ನ ಪ್ರಶ್ನೆ ಹಾಗೇ ಉಳೀತು. ಸೆಪ್ಟೆಂಬರ್‌ಗೆ ನಮ್ಮ ಶಾಲೆಯಲ್ಲಿ ಪೋಸ್ಟರ್ ಬರುತ್ತಾ, ಬರಲ್ವಾ?

ಕರಿಕೋಟು
ಪರಮೇಶಿಯವರೇ, ಲೂಸಿಯಾನಾ ಆದೇಶ ನಿಮ್ಮ ಶಾಲೆಗೆ ನೇರವಾಗಿ ಮುಟ್ಟಲ್ಲ. ಆದರೆ ಟೆಕ್ಸಾಸ್ ಕಾಯ್ದೆ ಮೇಲೆ ಯಾರಾದ್ರೂ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋದರೆ ಆ ಜಡ್ಜ್ ಸದ್ಯಕ್ಕೆ ಈ ತೀರ್ಪನ್ನ ಪಾಲಿಸಲೇಬೇಕು. ಶಾಲಾ ಮಂಡಳಿಗೆ ಈಗಲೇ ಒಂದು ಪತ್ರ ಬರೆದಿಡಿ.

ಬೆಂದೂರು ಹುಡುಗ
ಪತ್ರದಲ್ಲಿ ಹನ್ನೊಂದು ಉಂಟು ಅಂತಲೂ ಬರೆಯಿರಿ.

ಧಾರವಾಡ ಪೇಢೆ
ಹತ್ತ ಅದಾವ. ಆಸೆ ಪಡಬ್ಯಾಡ ಅನ್ನೋದನ್ನ ಒಂದ ಮಾಡಿ ಎಣಸ್ರಿ, ಬರೋಬ್ಬರಿ ಬರ್ತದ.

ಬೆಂದೂರು ಹುಡುಗ
ವಿಗ್ರಹದ್ದನ್ನು ಮೊದಲನೆಯದಕ್ಕೆ ಸೇರಿಸಿ ಎಣಿಸಿದರೂ ಹತ್ತೇ ಬರುವುದು. ನಿಮ್ಮ ಕ್ರಮವೇ ಯಾಕೆ?