ಬ್ಲೂಟೂತ್ ಜಿಪಿಎಸ್ ರಿಸೀವರ್ ಜೋಡಿಯಾಗಿದೆ, ಆದರೂ ಗೆರೆ ಮೊದಲಿನಂತೆಯೇ ಓಲಾಡುತ್ತಿದೆ

ಪ್ರಶ್ನೆ (ಕಾಲುದಾರಿ):
ನಡೆದ ದಾರಿಗಳನ್ನು ಫೋನಿನಲ್ಲಿ ದಾಖಲಿಸಿ ನಕ್ಷೆ ಮಾಡಿಟ್ಟುಕೊಳ್ಳುವ ಹವ್ಯಾಸ ನನಗಿದೆ. ಬಯಲಿನಲ್ಲಿ ಗೆರೆ ಸರಿಯಾಗಿಯೇ ಮೂಡುತ್ತದೆ. ದಟ್ಟ ಮರಗಳ ಕೆಳಗೆ ಹೊಕ್ಕೊಡನೆ ಹತ್ತು ಹದಿನೈದು ಮೀಟರ್ ಆಚೀಚೆ ಓಲಾಡತೊಡಗುತ್ತದೆ. ಫೋನನ್ನು ಜೇಬಿಗಿಳಿಸಿ ಅರ್ಧ ಗಂಟೆ ನಡೆದರಂತೂ ತಿರುವುಗಳೆಲ್ಲ ಮಾಯವಾಗಿ, ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಬಂದಿರುತ್ತದೆ. ಇದಕ್ಕೆಂದೇ ಒಂದು ಬ್ಲೂಟೂತ್ ಜಿಪಿಎಸ್ ರಿಸೀವರ್ ಕೊಂಡೆ. ಆಂಡ್ರಾಯ್ಡ್ ಫೋನಿನೊಂದಿಗೆ ಅದು ಜೋಡಿಯಾಗಿದೆ, ದೀಪವೂ ಮಿನುಗುತ್ತದೆ, ಆದರೆ ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ರಿಸೀವರೇ ಕೆಟ್ಟಿದೆಯೆಂದು ತಿಳಿಯಬೇಕೇ?

ಉತ್ತರ (ನಕ್ಷೆಗಾರ):
ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ನೇರ ಗೆರೆಗೂ ಉಪಗ್ರಹಗಳಿಗೂ ಸಂಬಂಧವಿರುವ ಹಾಗೆ ಕಾಣುವುದಿಲ್ಲ. ಪರದೆ ಆರಿದ ಮೇಲೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನು ಮಲಗಿಸುತ್ತದೆ. ನೀವು ಮತ್ತೆ ಪರದೆ ತೆರೆದಾಗ ಆ್ಯಪು ಎಚ್ಚೆತ್ತು, ಕೊನೆಯ ಬಿಂದುವಿಗೂ ಹೊಸ ಬಿಂದುವಿಗೂ ಗೆರೆ ಎಳೆದುಬಿಡುತ್ತದೆ. ಆ ಆ್ಯಪಿನ ಬ್ಯಾಟರಿ ನಿರ್ಬಂಧವನ್ನು ತೆಗೆದುಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ, ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆದು ನೋಡಿ. ಇದಕ್ಕಾಗಿ ಹೊರಗಿನ ರಿಸೀವರ್ ಕೊಳ್ಳುವ ಅಗತ್ಯವೇ ಇರಲಿಲ್ಲ.

ಉತ್ತರ (ಅಕ್ಷಾಂಶ):
ರಿಸೀವರಿನ ವಿಷಯಕ್ಕೆ ಬರುತ್ತೇನೆ. ಬ್ಲೂಟೂತಿನಲ್ಲಿ ಜೋಡಿಯಾದ ಮಾತ್ರಕ್ಕೆ ಆಂಡ್ರಾಯ್ಡ್ ಅದರ ಮಾತನ್ನು ಕೇಳುವುದಿಲ್ಲ. ನಕ್ಷೆಯ ಆ್ಯಪು ಫೋನಿನ ಒಳಗಿನ ಚಿಪ್ಪನ್ನೇ ನಂಬಿಕೊಂಡಿರುತ್ತದೆ. ನಡುವೆ ಸೇತುವೆಯಾಗಿ ನಿಲ್ಲುವ ಒಂದು ಆ್ಯಪನ್ನು ಹಾಕಿಕೊಳ್ಳಬೇಕು. ಬಳಿಕ ಫೋನಿನ ಮಾಹಿತಿ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಮಾಕ್ ಲೊಕೇಶನ್ (ಒಳಗಿನ ಚಿಪ್ಪಿನ ಬದಲು ಬೇರೊಂದು ಆ್ಯಪು ಒದಗಿಸುವ ಸ್ಥಳ) ಆ್ಯಪ್ ಎಂಬಲ್ಲಿ ಆ ಸೇತುವೆಯ ಆ್ಯಪನ್ನು ಆರಿಸಿ. ಕೆಲಸ ಮುಗಿದ ಮೇಲೆ ಆಯ್ಕೆಯನ್ನು ಹಿಂದೆಗೆಯುವುದು ಒಳ್ಳೆಯದು, ಏಕೆಂದರೆ ಮಾಕ್ ಲೊಕೇಶನ್ ಕಂಡರೆ ಕೆಲವು ಆ್ಯಪುಗಳು ಕೆಲಸ ಮಾಡಲು ಒಪ್ಪುವುದಿಲ್ಲ.

ರಿಸೀವರ್ ಕೆಟ್ಟಿದೆಯೇ ಎಂಬುದನ್ನು ಸೇತುವೆ ಆ್ಯಪಿನಲ್ಲೇ ಪರೀಕ್ಷಿಸಬಹುದು. ರಿಸೀವರು ತನ್ನ ಸ್ಥಳದ ವಿವರವನ್ನು ಎನ್‌ಎಂಇಎ ಎಂಬ ರೂಪದ ಸಾಲುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಕಳುಹಿಸುತ್ತಿರುತ್ತದೆ. ಜಿಜಿಎ ಎಂದಿರುವ ಸಾಲನ್ನು ಹಿಡಿದು ಅಲ್ಪವಿರಾಮಗಳನ್ನು ಎಣಿಸಿ: ಸಮಯ, ಅಕ್ಷಾಂಶ, ರೇಖಾಂಶ ಹಾಗೂ ಅವುಗಳ ದಿಕ್ಕು ಮುಗಿದ ಮೇಲೆ ಒಂದು ಒಂಟಿ ಅಂಕಿ ಬರುತ್ತದೆ. ಅದು 0 ಆಗಿದ್ದರೆ ಸ್ಥಳ ಇನ್ನೂ ಸಿಕ್ಕಿಲ್ಲ. ಅದರ ಪಕ್ಕದ ಸಂಖ್ಯೆಯೇ ಬಳಕೆಯಲ್ಲಿರುವ ಉಪಗ್ರಹಗಳದು. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ: 3415.6000 ಎಂದಿದ್ದರೆ ಅದು 34.156 ಡಿಗ್ರಿಯಲ್ಲ, 34 ಡಿಗ್ರಿ 15.6 ಮಿನಿಟು, ಅಂದರೆ 34.26 ಡಿಗ್ರಿ. ತಪ್ಪಾಗಿ ಓದಿಕೊಂಡರೆ 11 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬೀಳುತ್ತೀರಿ.

ಮರುಪ್ರಶ್ನೆ (ಕಾಲುದಾರಿ):
ಇಬ್ಬರಿಗೂ ಧನ್ಯವಾದಗಳು. ನೇರ ಗೆರೆಯ ಕಾಟ ತಪ್ಪಿತು. ಮಾಕ್ ಲೊಕೇಶನ್ ಆರಿಸಿದ ಮೇಲೆ ರಿಸೀವರೂ ಮಾತಾಡುತ್ತಿದೆ. ವಿಚಿತ್ರವೆಂದರೆ, ಅದನ್ನು ಚೀಲದ ಮೇಲ್ತುದಿಗೆ ಕಟ್ಟಿದಾಗ ಮರಗಳ ಕೆಳಗೂ ಗೆರೆ ಬಹುಮಟ್ಟಿಗೆ ಸರಿಯಾಗಿ ಬಂತು, ಆದರೆ ಅದನ್ನೇ ಜೇಬಿನಲ್ಲಿಟ್ಟರೆ ಫೋನಿಗಿಂತ ಕಡೆ. ಇದೇಕೆ?

ಉತ್ತರ (ನಕ್ಷೆಗಾರ):
ಸಂಕೇತ ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಇಳಿದು ಬರುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತದೆ, ಉಳಿದದ್ದನ್ನು ನಿಮ್ಮ ಮೈಯೇ ಹೀರಿಕೊಳ್ಳುತ್ತದೆ. ಆದರೆ ನಿಮ್ಮ ಅನುಭವಕ್ಕೆ ಇನ್ನೂ ಒಂದು ಕಾರಣವಿದೆ. ಜಿಪಿಎಸ್ ಅಲೆ ಬಲಕ್ಕೆ ತಿರುಚಿಕೊಂಡು ಬರುತ್ತದೆ, ಬಂಡೆಗೋ ಗೋಡೆಗೋ ತಾಗಿ ಪ್ರತಿಫಲಿಸಿದರೆ ತಿರುಚು ಬಹುಪಾಲು ಎಡಕ್ಕೆ ಮಗುಚುತ್ತದೆ. ಇಂಥ ರಿಸೀವರುಗಳಲ್ಲಿ ಸಾಮಾನ್ಯವಾಗಿ ಚೌಕಾಕಾರದ ಪಿಂಗಾಣಿ ಆ್ಯಂಟೆನಾ ಇರುತ್ತದೆ. ಅದು ಆಕಾಶಕ್ಕೆ ಮುಖಮಾಡಿದ್ದಾಗ ಬಲತಿರುಚಿನ ಅಲೆಯನ್ನು ಚೆನ್ನಾಗಿ ಹಿಡಿದು ಎಡತಿರುಚಿನದನ್ನು ಹಿಂದೆ ತಳ್ಳುತ್ತದೆ. ಫೋನಿನ ಪುಟ್ಟ ಆ್ಯಂಟೆನಾಕ್ಕೆ ಈ ವಿವೇಚನೆ ಇಲ್ಲ, ನೇರವಾಗಿ ಬಂದದ್ದನ್ನೂ ಸುತ್ತಿ ಬಂದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಜೇಬಿನಲ್ಲಿ ಮಗ್ಗುಲಾಗಿ ಮಲಗಿದ ರಿಸೀವರ್ ತನ್ನ ಈ ಅನುಕೂಲವನ್ನು ಕಳೆದುಕೊಳ್ಳುತ್ತದೆ.

ಉತ್ತರ (ಅಕ್ಷಾಂಶ):
ಒಂದು ಮಾತು ಸೇರಿಸುತ್ತೇನೆ. ನಿಮ್ಮ ಫೋನು 1575.42 ಮೆಗಾಹರ್ಟ್ಸಿನ ಎಲ್1 ಜೊತೆಗೆ 1176.45 ಮೆಗಾಹರ್ಟ್ಸಿನ ಎಲ್5 ಸಂಕೇತವನ್ನೂ ಹಿಡಿಯುವಂಥದ್ದಾಗಿದ್ದು ರಿಸೀವರ್ ಬರೀ ಎಲ್1 ಆಗಿದ್ದರೆ, ಕೆಲವೆಡೆ ಫೋನೇ ಗೆಲ್ಲಬಹುದು, ಏಕೆಂದರೆ ಎಲ್5ರಲ್ಲಿ ಪ್ರತಿಫಲಿತ ಅಲೆಗಳನ್ನು ಬೇರ್ಪಡಿಸುವುದು ಸುಲಭ. ಫೋನು ಎಲ್5 ಹಿಡಿಯುತ್ತದೆಯೇ ಎಂಬುದು ಉಪಗ್ರಹಗಳ ಸ್ಥಿತಿ ತೋರಿಸುವ ಆ್ಯಪಿನಲ್ಲಿ ಕಾಣುತ್ತದೆ. ಇನ್ನೊಂದು: ಫೋನು ಉಪಗ್ರಹಗಳ ಕಕ್ಷೆಯ ವಿವರವನ್ನು ನೆಟ್‌ವರ್ಕಿನಿಂದ ಪಡೆದುಕೊಳ್ಳುತ್ತದೆ, ನಿಮ್ಮ ರಿಸೀವರ್ ಅದನ್ನು ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಒಂದೊಂದು ಉಪಗ್ರಹವೂ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ನಡುವೆ ಮರ ಅಡ್ಡ ಬಂದು ತಪ್ಪಿಹೋದರೆ ಮುಂದಿನ ಸರದಿಗೆ ಕಾಯಬೇಕು. ಆದ್ದರಿಂದ ಮರಗಳ ಕೆಳಗೆ ಹೊಗುವ ಮೊದಲೇ ಬಯಲಿನಲ್ಲಿ ಅದನ್ನು ಚಾಲೂ ಮಾಡಿ ಎರಡು ಮೂರು ನಿಮಿಷ ಸುಮ್ಮನೆ ಇರಿಸಿ, ಜಿಜಿಎ ಸಾಲಿನ ಆ ಒಂಟಿ ಅಂಕಿ 1 ಆದ ಮೇಲೆ ಹೆಜ್ಜೆ ಹಾಕಿ.