ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಮಾಸ್ಕ್: ಮೈಸೂರಿನಲ್ಲಿ ಅಗತ್ಯವಿದೆಯೇ, ಯಾವುದನ್ನು ಹಾಕಿಕೊಳ್ಳಬೇಕು?

ಪ್ರಶ್ನೆ: ಕುವೆಂಪುನಗರದ ಸವಾರ

ಎಲ್ಲರಿಗೂ ನಮಸ್ಕಾರ. ನಾನು ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಕಚೇರಿಗೆ ಕಳೆದ ಎಂಟು ತಿಂಗಳಿಂದ ಸೈಕಲ್‌ನಲ್ಲೇ ಹೋಗಿಬರುತ್ತಿದ್ದೇನೆ. ಎರಡೂ ಹೊತ್ತು ಸೇರಿ ದಿನಕ್ಕೆ ಸುಮಾರು 20 ಕಿಲೋಮೀಟರ್ ಆಗುತ್ತದೆ. ವಿಶ್ವಮಾನವ ಜೋಡಿ ರಸ್ತೆ, ಹುಣಸೂರು ರಸ್ತೆ, ಒಂಟಿಕೊಪ್ಪಲು, ಅಲ್ಲಿಂದ ಮುಂದೆ ಕೆಆರ್‌ಎಸ್ ರಸ್ತೆ ಹಿಡಿದು ಹೋಗುವುದು ನನ್ನ ದಾರಿ.

ಬೆಳಿಗ್ಗೆ ಹೋಗುವಾಗ ಅಷ್ಟಾಗಿ ಏನೂ ಅನ್ನಿಸುವುದಿಲ್ಲ. ಸಂಜೆ ಆರರ ಸುಮಾರಿಗೆ ಮರಳುವಾಗ ಮಾತ್ರ, ಸಿಗ್ನಲ್‌ಗಳಲ್ಲಿ ಬಸ್ಸು, ಲಾರಿಗಳ ಹಿಂದೆ ನಿಂತು ನಿಂತು ಗಂಟಲು ಕಟ್ಟಿದಂತಾಗುತ್ತದೆ. ಮನೆಗೆ ಬಂದು ಮುಖ ತೊಳೆದು ಒರೆಸಿಕೊಂಡರೆ ಟವೆಲ್ ಮೇಲೆ ಕಪ್ಪು ಕಾಣುತ್ತದೆ. ಕೋವಿಡ್ ಕಾಲದಲ್ಲಿ ಹೊಲಿಸಿಟ್ಟಿದ್ದ ಎರಡು ಪದರದ ಹತ್ತಿ ಬಟ್ಟೆಯ ಮಾಸ್ಕನ್ನು ಒಂದು ತಿಂಗಳಿಂದ ಹಾಕಿಕೊಳ್ಳುತ್ತಿದ್ದೇನೆ. ಅದು ಹತ್ತೇ ನಿಮಿಷಕ್ಕೆ ಬೆವರಿನಿಂದ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತದೆ, ಕನ್ನಡಕದ ಮೇಲೆ ಆವಿ ಕೂರುತ್ತದೆ. ಇನ್ನೊಂದು ವಿಚಿತ್ರವನ್ನು ಗಮನಿಸಿದ್ದೇನೆ: ಮಾಸ್ಕ್ ತೆಗೆದು ಕನ್ನಡಿ ನೋಡಿಕೊಂಡರೆ ಮೂಗಿನ ಎರಡೂ ಬದಿಗೆ, ಕಣ್ಣಿನ ಕೆಳಗಿನಿಂದ ಕೆನ್ನೆಯವರೆಗೆ, ಬೂದು ಬಣ್ಣದ ಎರಡು ಗೆರೆಗಳು ಮೂಡಿರುತ್ತವೆ.

ಇಷ್ಟೆಲ್ಲ ಹೊಗೆ ಕುಡಿಯುವುದಕ್ಕಿಂತ ಸ್ಕೂಟರ್ ತೆಗೆದುಕೊಂಡು ಹೋಗಿ ಎಂದು ಮನೆಯವರು ಹೇಳುತ್ತಿದ್ದಾರೆ. ನನಗೆ ಸೈಕಲ್ ಬಿಡಲು ಮನಸ್ಸಿಲ್ಲ. ಮಾಸ್ಕ್‌ನಿಂದ ನಿಜವಾಗಿಯೂ ಪ್ರಯೋಜನವಿದೆಯೇ, ಇದ್ದರೆ ಎಂಥದ್ದನ್ನು ಕೊಳ್ಳಬೇಕು, ಅದನ್ನು ಹಾಕಿಕೊಂಡು ಪೆಡಲ್ ತುಳಿಯಲು ಉಸಿರು ಸಾಲುತ್ತದೆಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೂಟಗಳ್ಳಿ ನಿವಾಸಿ

ನಾನು ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದೂಳಿನ ನಡುವೆ ದುಡಿಯುವವರಿಗೆ ಮಾಸ್ಕ್ ಹೊಂದಿಸಿ ಕೊಡುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ, ನೀವು ಹೇಳಿದ ಆ ಎರಡು ಬೂದು ಗೆರೆಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಗಾಳಿ ಸುಲಭದ ದಾರಿಯನ್ನು ಹುಡುಕಿಕೊಂಡು ನುಗ್ಗುತ್ತದೆ. ನಿಮ್ಮ ಮಾಸ್ಕ್ ಮೂಗಿನ ಇಕ್ಕೆಲಗಳಲ್ಲಿ ಮುಖಕ್ಕೆ ಕೂತಿಲ್ಲ. ನೀವು ಎಳೆದುಕೊಂಡ ಉಸಿರಿನ ದೊಡ್ಡ ಪಾಲು ಬಟ್ಟೆಯನ್ನು ಹಾದುಬರದೆ ಆ ಸಂದಿನಿಂದಲೇ ಒಳಗೆ ಬಂದಿದೆ, ಬರುವಾಗ ತನ್ನೊಡನೆ ತಂದ ದೂಳನ್ನು ಬೆವರಿದ ಚರ್ಮದ ಮೇಲೆ ಬಿಟ್ಟುಹೋಗಿದೆ. ಕನ್ನಡಕದ ಮೇಲೆ ಆವಿ ಕೂರುವುದಕ್ಕೂ ಅದೇ ಸಂದು ಕಾರಣ. ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಬರುವವರ ಮುಖದಲ್ಲಿ ಈ ಗೆರೆಗಳನ್ನು ಕಂಡರೆ, ಅವರಿಗೆ ಬೇರೆ ಅಳತೆಯ ಮಾಸ್ಕ್ ಕೊಡಬೇಕು ಎಂದು ನಾವು ತೀರ್ಮಾನಿಸುತ್ತೇವೆ.

ಇನ್ನು ಕಣಗಳ ವಿಚಾರ. ಟವೆಲ್ ಮೇಲೆ ಕಾಣುವ ಕಪ್ಪು ಕಣ್ಣಿಗೆ ಬೀಳುವಷ್ಟು ದೊಡ್ಡ ದೂಳು. ಅದರ ಬಹುಪಾಲನ್ನು ಮೂಗು, ಗಂಟಲುಗಳೇ ತಡೆದುಕೊಳ್ಳುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಪಿಎಂ 2.5 ಎಂದು ಕರೆಯುವ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದರೆ ಅಂದಾಜು ಸಿಗುತ್ತದೆ. ಡೀಸೆಲ್ ಹೊಗೆಯ ಕಣಗಳು ಇದಕ್ಕಿಂತಲೂ ಎಷ್ಟೋ ಸಣ್ಣವು. ಹತ್ತಿ ಬಟ್ಟೆಯ ನೇಯ್ಗೆಯಲ್ಲಿ ಅವುಗಳಿಗೆ ಬಾಗಿಲು ತೆರೆದೇ ಇರುತ್ತದೆ. ಆಸ್ಪತ್ರೆಯ ನೀಲಿ ಮಾಸ್ಕ್‌ನ ಒಳಪದರ ಬಟ್ಟೆಗಿಂತ ಉತ್ತಮವಾಗಿದ್ದರೂ, ಅದರ ಬದಿಗಳು ಸಡಿಲವಾಗಿರುವುದರಿಂದ ಸೈಕಲ್ ಸವಾರರಿಗೆ ಹೆಚ್ಚು ಉಪಯೋಗವಿಲ್ಲ.

ನಿಮಗೆ ಬೇಕಾಗಿರುವುದು ಎನ್95 ಅಥವಾ ಅದಕ್ಕೆ ಸರಿಸುಮಾರು ಸಮನಾದ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್. ಎನ್95 ಎಂದರೆ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುವಂಥದ್ದು. ಆ ಗಾತ್ರವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ: ಅದಕ್ಕಿಂತ ದೊಡ್ಡ ಕಣಗಳು ಎಳೆಗಳಿಗೆ ಬಡಿದು ನಿಲ್ಲುತ್ತವೆ, ತೀರ ಸಣ್ಣವು ಗಾಳಿಯಲ್ಲಿ ಅತ್ತಿತ್ತ ತುಯ್ದಾಡುತ್ತ ಎಳೆಗಳಿಗೆ ತಗಲಿಕೊಳ್ಳುತ್ತವೆ, ನಡುವಿನ ಗಾತ್ರದವೇ ನುಸುಳುವುದರಲ್ಲಿ ನಿಪುಣ. ಅವನ್ನು ಹಿಡಿಯುವುದಕ್ಕೆಂದೇ ಪಾಲಿಪ್ರೊಪಿಲಿನ್ ಎಳೆಗಳ ಪದರಕ್ಕೆ ಸ್ಥಿರವಿದ್ಯುತ್ ತುಂಬಿರುತ್ತಾರೆ. ಸೋಪಿನ ನೀರಿನಲ್ಲಿ ಒಗೆದರೆ ಆ ವಿದ್ಯುತ್ ಹೋಗಿಬಿಡುತ್ತದೆ. ಮಾಸ್ಕ್ ನೋಡಲು ಶುಭ್ರವಾಗಿ ಕಂಡರೂ ಕೆಲಸಕ್ಕೆ ಬಾರದು. ಆದ್ದರಿಂದ ದಯವಿಟ್ಟು ಒಗೆಯಬೇಡಿ. ನಮ್ಮ ದೇಶದಲ್ಲಿ ಇಂಥ ಮಾಸ್ಕ್‌ಗಳ ಮಾನಕದ ಸಂಖ್ಯೆ ಐಎಸ್ 9473. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಆ ಸಂಖ್ಯೆ ಮಾಸ್ಕ್‌ನ ಮೇಲೆಯೇ ಮುದ್ರಿತವಾಗಿದೆಯೇ ಎಂದು ನೋಡಿ.

ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿಗಳಿರುವುದನ್ನು ಆರಿಸಿಕೊಳ್ಳಿ. ಒಂದು ಪಟ್ಟಿ ನೆತ್ತಿಯ ಹಿಂಭಾಗದಲ್ಲಿ, ಇನ್ನೊಂದು ಕಿವಿಯ ಕೆಳಗೆ ಕುತ್ತಿಗೆಯ ಮೇಲೆ ಕೂರಬೇಕು. ಅದರ ಮೇಲೆ ಹೆಲ್ಮೆಟ್ ಹಾಕಿಕೊಳ್ಳಬೇಕು. ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಬನ್ನಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಗಾಳಿಗೆ ಮತ್ತೆ ದಾರಿಯಾಗುತ್ತದೆ. ಬಳಿಕ ಎರಡೂ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೋ ಕೆನ್ನೆಗೋ ಗಾಳಿ ತಗುಲಿದರೆ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಗಡ್ಡ ಬಿಟ್ಟವರಿಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ.

ಉಸಿರಿನ ಬಗ್ಗೆ ಕೇಳಿದ್ದೀರಿ. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕಾದರೆ, ಸೈಕಲ್ ತುಳಿಯುವಾಗ ಅದರ ಹಲವು ಪಟ್ಟು ಬೇಕಾಗುತ್ತದೆ. ಹೀಗಾಗಿ ಮುಂಭಾಗದಲ್ಲಿ ವಾಲ್ವ್ ಇರುವ ಮಾಸ್ಕ್ ನಿಮಗೆ ಅನುಕೂಲ. ಒಳಗೆಳೆದುಕೊಳ್ಳುವ ಗಾಳಿ ಪದರವನ್ನು ಹಾದೇ ಬರುತ್ತದೆ, ಹೊರಬಿಡುವ ಬಿಸಿಯುಸಿರು ಮಾತ್ರ ವಾಲ್ವ್‌ನಿಂದ ಹೋಗುತ್ತದೆ. ಕೋವಿಡ್ ಕಾಲದಲ್ಲಿ ವಾಲ್ವ್ ಬೇಡವೆಂದದ್ದು ಎದುರಿಗಿದ್ದವರನ್ನು ಕಾಪಾಡುವುದಕ್ಕಾಗಿ. ಹೊಗೆಯ ವಿಚಾರದಲ್ಲಿ ಆ ಆಕ್ಷೇಪ ಅನ್ವಯಿಸುವುದಿಲ್ಲ. ಆದರೂ ಏರುದಾರಿಯಲ್ಲಿ ಸ್ವಲ್ಪ ದಮ್ಮು ಕಟ್ಟಿದಂತೆ ಅನ್ನಿಸುವುದು ಸಹಜ, ಅಲ್ಲಿ ಗೇರ್ ಇಳಿಸಿ ನಿಧಾನವಾಗಿ ತುಳಿಯಿರಿ.

ಕೊನೆಯದಾಗಿ, ಇದು ಕಣಗಳನ್ನಷ್ಟೇ ತಡೆಯುತ್ತದೆ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳನ್ನು ತಡೆಯುವುದಿಲ್ಲ. ಇದ್ದಿಲ ಪದರವಿದೆ ಎಂದು ಮಾರುವ ಮಾಸ್ಕ್‌ಗಳು ವಾಸನೆಯನ್ನು ಒಂದಿಷ್ಟು ಹೀರಿಕೊಳ್ಳಬಹುದು. ವಾಸನೆ ಬರಲಿಲ್ಲವೆಂದು ಬಸ್ಸಿನ ಹೊಗೆ ಕೊಳವೆಯ ಹಿಂದೆಯೇ ನಿಲ್ಲುವುದು ಸರಿಯಲ್ಲ.

ಉತ್ತರ: ಸರಸ್ವತಿಪುರಂ

ಹೂಟಗಳ್ಳಿಯವರು ಬರೆದಿರುವುದನ್ನೆಲ್ಲ ಒಪ್ಪುತ್ತೇನೆ. ಆದರೆ ಮಾಸ್ಕ್‌ಗಿಂತ ಮೊದಲು ದಾರಿಯನ್ನು ಬದಲಿಸಬೇಕು ಎಂಬುದು, 14 ವರ್ಷಗಳಿಂದ ಈ ಊರಿನಲ್ಲಿ ಸೈಕಲ್ ತುಳಿಯುತ್ತಿರುವ ನನ್ನ ಖಚಿತ ಅಭಿಪ್ರಾಯ. ವಾಹನದ ಹೊಗೆಯ ಅತಿ ಸಣ್ಣ ಕಣಗಳು ಮುಖ್ಯರಸ್ತೆಯಿಂದ ನೂರಿನ್ನೂರು ಮೀಟರ್ ದೂರ ಸರಿಯುವಷ್ಟರಲ್ಲಿ ಬಹಳ ಕಡಿಮೆಯಾಗುತ್ತವೆ. ನೀವು ಕೆಆರ್‌ಎಸ್ ರಸ್ತೆಯನ್ನು ಬಿಟ್ಟು ಗೋಕುಲಂ, ವಿಜಯನಗರ ಒಂದನೇ ಹಂತದ ಒಳರಸ್ತೆಗಳ ಮೂಲಕ ಹೆಬ್ಬಾಳ ಸೇರಬಹುದು; ಹುಣಸೂರು ರಸ್ತೆಯನ್ನು ಅಡ್ಡ ದಾಟುವುದಷ್ಟೇ ಉಳಿಯುತ್ತದೆ. ಒಂದು ಕಿಲೋಮೀಟರ್ ಹೆಚ್ಚಾದರೂ ಮರಗಳ ನೆರಳಿರುತ್ತದೆ, ಸಿಗ್ನಲ್‌ಗಳು ಕಡಿಮೆ. 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್‌ಗಳು ಬಂದಾಗ ಹೊಸಬರಿಗೆಲ್ಲ ನಾನು ಇದನ್ನೇ ಹೇಳುತ್ತಿದ್ದೆ.

ಮೈಸೂರನ್ನು ದೆಹಲಿಯೊಡನೆ ಹೋಲಿಸಿ ಹೆದರಬೇಕಾಗಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ, ಮೈಸೂರು ಅದರಲ್ಲಿಲ್ಲ. ಹಾಗೆಂದು ಮೈಮರೆಯುವಂತೆಯೂ ಇಲ್ಲ. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿದೆ. ಅಲ್ಲದೆ ‘ಸಮೀರ್’ ಆ್ಯಪ್‌ನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಸೂಚ್ಯಂಕವು ಮಾಪನ ಕೇಂದ್ರವಿರುವ ಜಾಗದ, ಗಂಟೆಗಟ್ಟಲೆಯ ಸರಾಸರಿ. ಹಸಿರು ದೀಪ ಬಿದ್ದೊಡನೆ ಮುಂದಿನ ಲಾರಿ ಮುಖಕ್ಕೆ ಉಗುಳುವ ಹೊಗೆ ಅದರಲ್ಲಿ ಕಾಣುವುದಿಲ್ಲ.

ಮನೆಯವರಿಗೆ ಈ ಮಾತನ್ನು ತಿಳಿಸಿ: 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಲೆಕ್ಕಾಚಾರದ ಪ್ರಕಾರ, ದೆಹಲಿಯಂಥ ಊರಿನಲ್ಲಿಯೂ ವಾರಕ್ಕೆ ಐದು ಗಂಟೆಗಿಂತ ಹೆಚ್ಚು ಸೈಕಲ್ ತುಳಿದಾಗ ಮಾತ್ರ ವ್ಯಾಯಾಮದ ಲಾಭವನ್ನು ಹೊಗೆಯ ನಷ್ಟ ಮೀರುತ್ತದೆ. ಸ್ಕೂಟರ್ ಏರಿದರೂ ಅದೇ ರಸ್ತೆಯ ಅದೇ ಗಾಳಿಯನ್ನು ಉಸಿರಾಡಬೇಕು, ಮೇಲಾಗಿ ಹಿಂದೆ ಬರುವವರಿಗೆ ನಮ್ಮ ಹೊಗೆಯೂ ಸೇರುತ್ತದೆ.

ಬೆಳಗಿನ ಹೊತ್ತಿನ ಬಗ್ಗೆ ಒಂದು ಮಾತು. ಡಿಸೆಂಬರ್, ಜನವರಿಯ ಚಳಿಯಲ್ಲಿ ನೆಲದ ಸಮೀಪದ ತಣ್ಣನೆಯ ಗಾಳಿ ಮೇಲೇಳದೆ ಹೊಗೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ರಸ್ತೆ ಬದಿಯಲ್ಲಿ ಒಣ ಎಲೆಗಳ ರಾಶಿಗೆ ಬೆಂಕಿ ಹಚ್ಚುವುದೂ ಆಗಲೇ. ನಮ್ಮ ಬೀದಿಯ ಮೂಲೆಯಲ್ಲಿ ಹೀಗೆ ಉರಿಯುವ ರಾಶಿಯ ಪಕ್ಕದಲ್ಲಿಯೇ, ಬರಿ ಸೆರಗನ್ನು ಮೂಗಿಗೆ ಸುತ್ತಿಕೊಂಡು ಪೌರಕಾರ್ಮಿಕ ತಾಯಿಯೊಬ್ಬರು ಕಸ ಗುಡಿಸುವುದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ. ನಾವು ಅರ್ಧ ನಿಮಿಷದಲ್ಲಿ ದಾಟಿಹೋಗುತ್ತೇವೆ, ಅವರು ಎರಡು ಗಂಟೆ ಅಲ್ಲಿರುತ್ತಾರೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿಯೇ ಆದೇಶಿಸಿದೆ. ಬೆಂಕಿ ಹಚ್ಚುತ್ತಿದ್ದವರು ನಮ್ಮ ಬೀದಿಯ ನಿವಾಸಿಗಳೇ. ಆದೇಶವನ್ನು ಹೇಳಿದ ಮೇಲೆ ಈಗ ಎಲೆಗಳನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡುತ್ತಿದ್ದಾರೆ.

ಉತ್ತರ: ವೈದ್ಯೆ, ಮೈಸೂರು

ಉಬ್ಬಸ, ಹೃದಯದ ತೊಂದರೆ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು ಎನ್95 ಹಾಕಿಕೊಂಡು ಸೈಕಲ್ ತುಳಿಯುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ಮಾಸ್ಕ್ ಉಸಿರಾಟಕ್ಕೆ ಸ್ವಲ್ಪ ತಡೆ ಒಡ್ಡುತ್ತದೆ. ತಲೆಸುತ್ತು ಬಂದರೆ, ಎದೆ ಬಿಗಿದರೆ ತಕ್ಷಣ ನಿಲ್ಲಿಸಿ, ಹೊಗೆಯಿಂದ ದೂರ ಸರಿದು ಮಾಸ್ಕ್ ತೆಗೆಯಿರಿ. ಪ್ರಶ್ನೆ ಕೇಳಿದವರಿಗೆ ಸಂಜೆಯ ಗಂಟಲು ನೋವು ಎರಡು ಮೂರು ವಾರವಾದರೂ ಹೋಗದಿದ್ದರೆ, ಅಥವಾ ರಾತ್ರಿ ಕೆಮ್ಮು, ಸುಂಯ್‌ಗುಡುವಿಕೆ ಇದ್ದರೆ, ಹೊಗೆಯೆಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿಕೊಳ್ಳಿ.

ಉತ್ತರ: ಮಂಡ್ಯದ ಶಿಕ್ಷಕ

ಊರಿಂದ ಶಾಲೆಗೆ ನನಗೆ ದಿನಕ್ಕೆ 14 ಕಿಲೋಮೀಟರ್. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್, ಬೈಕ್‌ಗಳಿಗೆ ಪ್ರವೇಶವಿಲ್ಲದಿರುವುದರಿಂದ ನಾವೆಲ್ಲ ಸರ್ವೀಸ್ ರಸ್ತೆಯಲ್ಲೇ ಹೋಗುತ್ತೇವೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಸಾಲು, ಅವು ಎಬ್ಬಿಸುವ ದೂಳು, ಗದ್ದೆಗಳಲ್ಲಿ ಸುಡುವ ತರಗಿನ ಹೊಗೆ, ಆಲೆಮನೆಗಳ ಹೊಗೆ ಎಲ್ಲವೂ ಸೇರುತ್ತವೆ. ದೊಡ್ಡ ನಗರದ ರೋಗ ಇದು ಎಂದು ಯಾರೂ ತಿಳಿಯಬಾರದು.

ನನ್ನ ಅನುಭವದಲ್ಲಿ ಎರಡು ಮಾಸ್ಕ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು ಒಳ್ಳೆಯದು. ಬಳಸಿದ್ದನ್ನು ಪ್ಲಾಸ್ಟಿಕ್ ಕವರ್‌ಗೆ ತುರುಕಿದರೆ ಬೆವರು ಆರದೆ ಮುಗ್ಗಲು ವಾಸನೆ ಬರುತ್ತದೆ. ಪೇಪರ್ ಕವರ್‌ನಲ್ಲಿಟ್ಟು ನೆರಳಿನಲ್ಲಿ ಆರಲು ಬಿಡುತ್ತೇನೆ. ಪಟ್ಟಿ ಸಡಿಲವಾದರೆ, ಹೊರಗಡೆ ಕಪ್ಪಾಗಿ ಉಸಿರೆಳೆಯಲು ಮೊದಲಿಗಿಂತ ಬಿಗಿ ಅನ್ನಿಸಿದರೆ ಎಸೆಯುತ್ತೇನೆ. ಇಡೀ ದಾರಿ ಹಾಕಿಕೊಳ್ಳುವುದೂ ಇಲ್ಲ. ನಾಲೆಯ ಏರಿಯ ಮೇಲಿನ ಮೂರು ಕಿಲೋಮೀಟರ್‌ನಲ್ಲಿ ತೆಗೆದು ಜೇಬಿಗೆ ಇಡುತ್ತೇನೆ, ಸರ್ವೀಸ್ ರಸ್ತೆ ಬರುವ ಮೊದಲು ನಿಂತು ಮತ್ತೆ ಹಾಕಿಕೊಳ್ಳುತ್ತೇನೆ.

ಮರುಬರಹ: ಕುವೆಂಪುನಗರದ ಸವಾರ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವಾರ ಪ್ರಯೋಗ ಮಾಡಿ ಬರೆಯುತ್ತಿದ್ದೇನೆ. ಮೊದಲು ಕೊಂಡ ಮಾಸ್ಕ್ ನನ್ನ ಮುಖಕ್ಕೆ ದೊಡ್ಡದಾಗಿತ್ತು, ಅಂಗೈ ಮುಚ್ಚಿ ಉಸಿರು ಬಿಟ್ಟಾಗ ಗಲ್ಲದ ಕೆಳಗೆ ಗಾಳಿ ಹೊರಟಿತು. ಎರಡನೆಯದು, ವಾಲ್ವ್ ಮತ್ತು ತಲೆಪಟ್ಟಿ ಇರುವುದು, ಸರಿಯಾಗಿ ಕೂತಿದೆ. ಗೋಕುಲಂ ಒಳರಸ್ತೆಯಲ್ಲಿ ಹೋಗಲು ಆರು ನಿಮಿಷ ಹೆಚ್ಚು ಬೇಕಾಗುತ್ತದೆ. ಅಲ್ಲಿ ಮಾಸ್ಕ್ ತೆಗೆದಿರುತ್ತೇನೆ, ಹುಣಸೂರು ರಸ್ತೆ ದಾಟುವಾಗ ಮತ್ತು ಕೈಗಾರಿಕಾ ಪ್ರದೇಶದ ಲಾರಿಗಳ ನಡುವೆ ಹಾಕಿಕೊಳ್ಳುತ್ತೇನೆ. ಗಂಟಲಿನ ತೊಂದರೆ ಬಹುಪಾಲು ಕಡಿಮೆಯಾಗಿದೆ.

ನಿನ್ನೆ ಸಂಜೆ ಮಾಸ್ಕನ್ನು ತಿರುಗಿಸಿ ನೋಡಿದೆ. ಹೊರಗಡೆ ವಾಲ್ವ್‌ನ ಸುತ್ತ ಬೂದು ಬಣ್ಣ ಹರಡಿತ್ತು, ಒಳಗಡೆ ಬೆಳ್ಳಗಿತ್ತು. ಮೂಗಿನ ಪಕ್ಕದ ಗೆರೆಗಳು ಬಲಗಡೆ ಪೂರ್ತಿ ಹೋಗಿವೆ, ಎಡಗಡೆ ತೆಳುವಾಗಿ ಒಂದು ಇನ್ನೂ ಮೂಡುತ್ತಿದೆ. ಇದಕ್ಕೆ ಏನು ಮಾಡಬಹುದು?

ಉತ್ತರ: ಹೂಟಗಳ್ಳಿ ನಿವಾಸಿ

ಕನ್ನಡಕವನ್ನು ಮಾಸ್ಕ್‌ಗಿಂತ ಮೊದಲು ಹಾಕಿಕೊಳ್ಳುತ್ತಿರಬಹುದು, ಅದರ ಮೂಗಿನ ಗುಂಡಿ ಎಡಗಡೆಯ ಅಂಚನ್ನು ಎತ್ತಿ ಹಿಡಿಯುತ್ತಿರಬೇಕು. ಮೊದಲು ಮಾಸ್ಕ್ ಹಾಕಿ, ಪಟ್ಟಿ ಒತ್ತಿ, ಅದರ ಮೇಲೆ ಕನ್ನಡಕ ಇಡಿ, ಕೊನೆಗೆ ಹೆಲ್ಮೆಟ್. ಆಗಲೂ ಗೆರೆ ಹೋಗದಿದ್ದರೆ ಒಂದು ಅಳತೆ ಚಿಕ್ಕದನ್ನು ಹಾಕಿ ನೋಡಿ ತಿಳಿಸಿ.